ಅಕ್ಕನ ಗಾಡಿಯ ಮುಂದಿನ ಶಾಕ್

ಜನವರಿ ೧೧

ಡುಮ್ಮಾ,

ನಾನು ಚೆನ್ನಾಗಿದ್ದೇನೆ. ನಿನಗೇನಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ನಿನ್ನ ಹೆಂಡತಿ ಫೋನ್ ಮಾಡಿ ಅತ್ತಿರುತ್ತಿದ್ದಳು, ಹಾಗಾಗಿ ನೀನೂ ಚೆನ್ನಾಗಿದ್ದೀಯ. ವಿಷಯಕ್ಕೆ ಬರುತ್ತೇನೆ.

ಕಣ್ಣಿನ ಡಾಕ್ಟರು ನೋಡಿದರು. ಎದುರಿಗಿರುವುದು ಕಾಣುತ್ತೆ, ಪಕ್ಕದಲ್ಲಿರುವುದು ಕಾಣುವುದಿಲ್ಲ. ಊಟಕ್ಕೆ ಕೂತಾಗ ದಿನಾ ಒಂದು ಲೋಟ ಉರುಳಿಸುತ್ತೇನೆ, ಮಗಳು ಒರೆಸುತ್ತಾಳೆ. ಹನಿ ಹಾಕಿದರೆ ನಿಧಾನ ಆಗುತ್ತಂತೆ, ನಿಲ್ಲುವುದಿಲ್ಲವಂತೆ. ಏಪ್ರಿಲ್‌ನಲ್ಲಿ ಲೈಸೆನ್ಸ್ ನವೀಕರಣಕ್ಕೆ ಕಣ್ಣಿನ ಪರೀಕ್ಷೆ ಇದೆ. ಅದರಲ್ಲಿ ಪಾಸಾದರೆ ಅಲ್ಲಿಗೆ ಬಂದು ನನ್ನ ಹಳೇ ಬೈಕಿನಲ್ಲಿ ಕಾರ್ಖಾನೆ ರಸ್ತೆಯ ಇಳಿಜಾರನ್ನು ಒಂದು ಸಲ ಇಳಿಯುತ್ತೇನೆ. ಕೆಲಸಕ್ಕಿದ್ದಷ್ಟು ವರ್ಷವೂ ದಿನಾ ಬೆಳಿಗ್ಗೆ ಇಳಿದ ರಸ್ತೆ. ಆಮೇಲೆ ಗಾಡಿ ಮುಟ್ಟುವುದಿಲ್ಲ.

ನಿನ್ನ ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಹಿಟ್ಟಿನ ಮೂಟೆಗಳ ಪಕ್ಕ ಅದನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಿದ್ದೀಯ, ಗೊತ್ತು. ಇಂಜಿನ್ ಬಗ್ಗೆ ಚಿಂತೆಯಿಲ್ಲ. ಸತ್ತಿರುವುದು ಮುಂದಿನ ಶಾಕ್ ಅಬ್ಸಾರ್ಬರ್. ನಾನು ಬಿಟ್ಟುಬರುವಾಗಲೇ ಬ್ರೇಕ್ ಹಿಡಿದರೆ ಗಾಡಿ ಮೂಗು ಕೆಳಗಿಟ್ಟು ಮೇಲೇಳುತ್ತಿರಲಿಲ್ಲ. ಆ ಇಳಿಜಾರಿನಲ್ಲಿ ಹಾಗಾದರೆ ಸೀದಾ ಚರಂಡಿ.

ನೀನು ಮಾಡಬೇಕಾದ್ದು ಇಷ್ಟೇ. ಮುಂದಿನ ಚಕ್ರ ಹಿಡಿದಿರುವ ಎರಡೂ ಕಾಲು ಬಿಚ್ಚು, ಹಳೇ ಎಣ್ಣೆ ತೆಗೆ, ಒಳಗಿನ ಸ್ಪ್ರಿಂಗಿನ ಉದ್ದ ಅಳೆದು ಬರೆ, ಕುಗ್ಗಿದಷ್ಟನ್ನು ನಾನು ಸೇರಿಸಿಕೊಳ್ಳುತ್ತೇನೆ. ಸ್ಪ್ರಿಂಗ್ ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಎನ್ನುವುದು ಮೇಲೆ ಕೂರುವವರ ತೂಕದ ಮೇಲೆ. ನಾನೀಗ ಐವತ್ತೆರಡು ಕಿಲೋ. ಆ ಲೆಕ್ಕಕ್ಕೆ ಇಲ್ಲಿಯೇ ಮಾಡಿಸಿ ಕಳಿಸುತ್ತೇನೆ.

ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಫೋನಿನಲ್ಲಿ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಬರೆಯಲು ಕೂತರೆ ಒಂದಷ್ಟಾದರೂ ನಿಜ ಹೊರಗೆ ಬರುತ್ತೆ. ನನಗೂ ಬರೆಯಲು ಕಾಣುವಾಗಲೇ ಬರೆಯಬೇಕು.

ಇಂತಿ,
ಅಕ್ಕ


ಜನವರಿ ೨೯

ಅಕ್ಕ,

ನಿನ್ನ ಕಾಗದ ಓದಿ ಇವಳು ಒಂದು ಹೊತ್ತು ಊಟ ಬಿಟ್ಟಳು. ನಾನು ಬಿಡಲಿಲ್ಲ, ನಿನಗೆ ಗೊತ್ತಲ್ಲ.

ಕೆಲಸ ನಡೀತಿದೆ. ಎರಡೂ ಕಾಲಿನ ಎಣ್ಣೆ ತೆಗೆದು ಹೊಸದು ಹಾಕಿದೆ. ಹಳೇ ಎಣ್ಣೆ ಜೇನುತುಪ್ಪದ ಥರ ಚೆನ್ನಾಗೇ ಇತ್ತು. ಆದರೂ ಗಾಡಿ ಸರಿಹೋಗಲಿಲ್ಲ, ಮೊದಲಿಗಿಂತ ಕೆಟ್ಟಿದೆ. ಮೂಲೆ ಗ್ಯಾರೇಜಿನವನನ್ನು ಕರೆದು ತೋರಿಸಿದೆ. ಅವನು ಗಾಡಿ ಸುತ್ತ ಎರಡು ಸುತ್ತು ಹಾಕಿ, “ಇದಕ್ಕೆ ಔಷಧಿ ಇಲ್ಲ ಸಾರ್, ಹೊಸ ಗಾಡಿದು ಮುಂಭಾಗ ಪೂರ್ತಿ ಎತ್ತಿ ಇದಕ್ಕೆ ಕೂರಿಸೋಣ,” ಅಂದ. ಅದು ಸಿಗೋದಕ್ಕೆ ಆರು ತಿಂಗಳಾದರೂ ಬೇಕಂತೆ. ಮಳೆಗಾಲ ಕಳೆದ ಮೇಲೆ ನೋಡೋಣವಾ? ಅವಸರ ಏನಿದೆ?

ನಿನ್ನ ತಮ್ಮ


ಫೆಬ್ರವರಿ ೪

ಡುಮ್ಮಾ,

ಒಂಬತ್ತು ವರ್ಷದ ಹಿಂದೆ ಆ ಎಣ್ಣೆ ಹಾಕಿದವಳು ನಾನು. ಅಷ್ಟು ಕಾಲ ಪೈಪಿನೊಳಗೆ ಕೊಳೆತ ಎಣ್ಣೆ ಕಾಡಿಗೆಯಂತೆ ಕಪ್ಪಗಿರುತ್ತೆ, ಮೂಗು ಮುಚ್ಚಿಕೊಳ್ಳುವಂತೆ ನಾರುತ್ತೆ. ಜೇನುತುಪ್ಪ ಬೇಕಾದರೆ ನಿನ್ನ ಬೇಕರಿಯ ಕಪಾಟಿನಲ್ಲಿ ಇರುತ್ತೆ. ನೀನು ಒಂದು ನಟ್ಟೂ ಬಿಚ್ಚಿಲ್ಲ. ನನ್ನ ಕಣ್ಣು ಮಂಜಾಗಿರಬಹುದು, ಅದಕ್ಕೆ ಮಣ್ಣೆರಚುವಷ್ಟು ನೀನಿನ್ನೂ ಬೆಳೆದಿಲ್ಲ.

ಮಗಳು ನಿನಗೆ ಫೋನ್ ಮಾಡಿದ್ದೂ ಗೊತ್ತು. “ಮಾಮ, ಅಮ್ಮನಿಗೆ ಗಾಡಿ ರೆಡಿ ಮಾಡಿಕೊಡಬೇಡ,” ಅಂದಳು. ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದಳು. ನನಗೆ ಕೆಟ್ಟಿರುವುದು ಕಣ್ಣು, ಕಿವಿಯಲ್ಲ.

ಗ್ಯಾರೇಜಿನವನ ಮಾತು ಕೇಳಬೇಡ. ಹೊಸ ಗಾಡಿಯ ಮುಂಭಾಗ ದಪ್ಪ, ಭಾರ, ಉದ್ದವೂ ಬೇರೆ. ಹಳೇ ಚಾಸಿಯ ಕತ್ತು ಅದನ್ನು ತಡೆಯುವುದಿಲ್ಲ. ತಡೆದರೂ ತಿರುವಿನಲ್ಲಿ ಗಾಡಿ ತಿರುಗಲು ಒಪ್ಪುವುದಿಲ್ಲ. ಹಳೆಯದನ್ನೇ ಸರಿ ಮಾಡಬೇಕು. ಹೊಸ ಸ್ಪ್ರಿಂಗ್, ಹೊಸ ಬುಷ್, ಹೊಸ ಸೀಲ್, ಸರಿಯಾದ ಎಣ್ಣೆ ಸರಿಯಾದ ಅಳತೆಗೆ. ಇದಿಷ್ಟು ಮಾಡಿದರೆ ಅದು ಹೊಸದಕ್ಕಿಂತ ಮರ್ಯಾದೆಯಾಗಿ ನಡೆಯುತ್ತೆ.

ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಸ್ಪ್ರಿಂಗ್ ಸುತ್ತುವವನು ಈಗ ಇಲ್ಲೇ ಸ್ವಂತ ಅಂಗಡಿ ಹಾಕಿದ್ದಾನೆ. ನನ್ನ ತೂಕ ಹೇಳಿ ಒಂದು ಜೊತೆ ಮಾಡಿಸಲು ನಿಂತಿದ್ದೇನೆ. ಉದ್ದ ಅಳೆದು ಬರೆದರೆ ಮುಗಿಸುತ್ತಾನೆ. ಅಳೆಯದೆ ಬರೆದರೆ ಗೊತ್ತಾಗುತ್ತೆ.

ಅಕ್ಕ


ಮಾರ್ಚ್ ೭

ಅಕ್ಕ,

ಸಿಕ್ಕಿಬಿದ್ದೆ. ಇವಳು ಇನ್ನೂ ನಗುತ್ತಿದ್ದಾಳೆ.

ನೇರವಾಗಿ ಹೇಳಿಬಿಡುತ್ತೇನೆ. ನನಗೆ ಇಷ್ಟವಿಲ್ಲ. ನೀನು ಬಿದ್ದರೆ ನಾನೇನು ಮಾಡಲಿ? ಅಮ್ಮ ಹೋದ ಮೇಲೆ ನನ್ನನ್ನು ಡುಮ್ಮಾ ಅಂತ ಕರೆಯುವವಳು ನೀನೊಬ್ಬಳೇ. ಊರಿಗೆಲ್ಲ ನಾನು ಬೇಕರಿ ಯಜಮಾನ. ಆದರೆ ನೀನು ಯಾವತ್ತಾದರೂ ನನ್ನ ಮಾತು ಕೇಳಿದ್ದುಂಟಾ? ಅದಕ್ಕೆ ಉದ್ದ ಅಳೆದು ಕಾರ್ಡು ಹಾಕಿದೆ. ನಿನ್ನ ಪಾರ್ಸೆಲ್ ಬಂತು, ಸ್ಪ್ರಿಂಗ್ ಬಂತು, ಕೆಲಸ ಮಾಡಿದೆ. ಈ ಸಲ ನಿಜವಾಗಿ.

ಎಣ್ಣೆ ಕಪ್ಪಗಿತ್ತು. ನಾರುತ್ತಿತ್ತು. ಗೋಧಿ ಹಿಟ್ಟಿನ ಎರಡು ಮೂಟೆ ಆಚೆ ಸಾಗಿಸಬೇಕಾಯಿತು. ಹಳೇ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿದರೆ ಹೆಬ್ಬೆರಳುದ್ದ ಗಿಡ್ಡವಾಗಿಬಿಟ್ಟಿದೆ. ಪಾಪ, ಕುಗ್ಗಿಹೋಗಿದೆ.

ಹೊಸ ಸೀಲ್ ಹಾಕಿ, ಒಂದೊಂದು ಕಾಲಿಗೂ ಪಾರ್ಸೆಲ್ಲಿನ ಚೀಟಿಯಲ್ಲಿ ನೀನು ಬರೆದಂತೆ ಎಣ್ಣೆ ಇನ್ನೂರು ಹಾಕಿದೆ. ಕಣ್ಣಳತೆಯಲ್ಲ, ಬೇಕರಿಯ ತಕ್ಕಡಿಯಲ್ಲಿ ತೂಗಿ ಹಾಕಿದ್ದು, ಒಂದು ಗ್ರಾಂ ಆಚೀಚೆ ಇಲ್ಲ. ಎಲ್ಲ ಬಿಗಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿದೆ. ಹಲಗೆ ಒತ್ತಿದ ಹಾಗಾಯಿತು. ಇನ್ನೂ ಜೋರಾಗಿ, ಮೈಭಾರವೆಲ್ಲ ಹಾಕಿ ಒತ್ತಿದೆ. ಟಪ್ ಅಂದಿತು. ಎಡಗಡೆ ಸೀಲ್ ಹಾರಿ, ಎಣ್ಣೆ ನನ್ನ ಚಪ್ಪಲಿ, ಪ್ಯಾಂಟು, ಬೆಳಗಿನ ಬ್ರೆಡ್ಡಿನ ಟ್ರೇ ಎಲ್ಲದರ ಮೇಲೂ ಬಿತ್ತು. ನಿನ್ನ ಲೆಕ್ಕ ತಪ್ಪಿದೆ ಅಕ್ಕ. ನನ್ನ ತಕ್ಕಡಿ ತಪ್ಪುವುದಿಲ್ಲ.

ತಮ್ಮ


ಮಾರ್ಚ್ ೧೨

ಡುಮ್ಮಾ,

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮಗಳು ಓಡಿಬಂದು ಏನಾಯಿತು ಅಂತ ಕೇಳಿದಳು. ಓದಿ ಹೇಳಿದೆ, ಅವಳೂ ನಕ್ಕಳು. ಈ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ನಾನು ಬರೆದದ್ದು ಇನ್ನೂರು ಮಿಲಿ, ನೀನು ತೂಗಿದ್ದು ಇನ್ನೂರು ಗ್ರಾಂ. ನೀರಾದರೆ ಎರಡೂ ಒಂದೇ, ಹಿಟ್ಟು ಕಲಸಿ ಕಲಸಿ ನಿನಗೆ ಅದೇ ಅಭ್ಯಾಸ. ಎಣ್ಣೆ ನೀರಿಗಿಂತ ಹಗುರ. ಇನ್ನೂರು ಗ್ರಾಂ ಎಣ್ಣೆ ಅಂದರೆ ಮಿಲಿಯಲ್ಲಿ ಜಾಸ್ತಿ. ಪೈಪಿನ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿಗೆ ಜಾಗ ಇರಬೇಕು, ಅದನ್ನೂ ನೀನು ತುಂಬಿಸಿಬಿಟ್ಟೆ. ಒತ್ತಿದಾಗ ಎಣ್ಣೆ ಎಲ್ಲಿಗೆ ಹೋಗಬೇಕು? ಸೀಲನ್ನು ಒದ್ದುಕೊಂಡು ನಿನ್ನ ಬ್ರೆಡ್ಡಿನ ಮೇಲೆ. ಲೋಕದಲ್ಲಿ ಶಾಕ್ ಎಣ್ಣೆಯನ್ನು ತಕ್ಕಡಿಯಲ್ಲಿ ತೂಗಿದವನು ನೀನೊಬ್ಬನೇ ಇರಬೇಕು.

ಆದರೆ ಕೆಲಸ ಮಾಡಿದೆ ಅಂತ ಗೊತ್ತಾಯಿತು. ಇಂಥ ಎಡವಟ್ಟನ್ನು ಯಾರೂ ಕಟ್ಟಿ ಹೇಳಲಾರರು.

ಔಷಧಿ ಅಂಗಡಿಯಲ್ಲಿ ಗೆರೆ ಹಾಕಿದ ಲೋಟ ಸಿಗುತ್ತೆ, ಅದರಲ್ಲಿ ಅಳೆದು ಹಾಕು. ಆಮೇಲೆ ಗಾಡಿ ಓಡಿಸಿ ನೋಡಿ ಬರೆ. ಶೆಡ್ಡಿನಲ್ಲಿ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ನೀರಿನ ಟ್ಯಾಂಕಿನವರೆಗೆ ಹೋಗಿ ಬಾ. ನೆನಪಿರಲಿ, ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ನಿನ್ನ ಸ್ಕೂಟರಿನಂತಲ್ಲ.

ಅಕ್ಕ


ಮಾರ್ಚ್ ೩೦

ಅಕ್ಕ,

ಓಡಿಸಿದೆ. ಟ್ಯಾಂಕಿನವರೆಗೆ ಹೋಗಲಿಲ್ಲ, ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಬ್ರೇಕ್ ಅಂದುಕೊಂಡು ಗೇರ್ ಹಾಕಿದೆ, ಗೇರ್ ಅಂದುಕೊಂಡು ಬ್ರೇಕ್ ಹಾಕಿದೆ. ಹೇರ್ ಕಟಿಂಗ್ ಅಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ನೋಡಿದ. ಇಷ್ಟು ವಯಸ್ಸಾದ ಮೇಲೆ ನನಗೆ ಇದೆಲ್ಲ ಬೇಕಿತ್ತಾ?

ಶಾಕ್ ವಿಷಯ: ಎಣ್ಣೆ ಸೋರುತ್ತಿಲ್ಲ. ಬ್ರೇಕ್ ಹಿಡಿದರೆ ಮುಂಭಾಗ ಪೂರ್ತಿ ಕುಸಿದು ಒಳಗೆ ಠಕ್ ಅನ್ನುತ್ತೆ. ನನ್ನ ಭಾರಕ್ಕೋ ಏನೋ.

ಪರೀಕ್ಷೆ ಯಾವ ತಾರೀಖು?

ತಮ್ಮ


ಏಪ್ರಿಲ್ ೨೨

ಡುಮ್ಮಾ,

ಬೇರೆ ಒಂದು ಜೊತೆ ಸ್ಪ್ರಿಂಗ್ ಸುತ್ತಿಸಬೇಕು. ನಿನ್ನ ತೂಕ ಬರೆ. ಮದುವೆಯಲ್ಲಿ ಇದ್ದದ್ದಲ್ಲ, ಈಗಿನದು. ಮೂಟೆ ತೂಗುವ ತಕ್ಕಡಿ ಇದೆಯಲ್ಲ, ಅದರ ಮೇಲೆ ನಿಂತು ನೋಡು.

ಓಡಿಸಿ ನೋಡುವವನು ನೀನು, ಅದಕ್ಕೆ ನಿನ್ನ ತೂಕ. ಹೆಚ್ಚು ಪ್ರಶ್ನೆ ಬೇಡ. ಹಿಂದಿನ ಸೀಟಿನ ಕಾಲಿಡುವ ಕಂಬಿಗಳ ಬೋಲ್ಟು ತುಕ್ಕು ಹಿಡಿದಿದ್ದರೆ ಬದಲಾಯಿಸು.

ಅಕ್ಕ


ಮೇ ೨೬

ಅಕ್ಕ,

ಎಂಬತ್ತನಾಲ್ಕು ಕಿಲೋ ಅಂತ ಕಾರ್ಡಿನಲ್ಲಿ ಬರೆದದ್ದನ್ನು ಇವಳಿಗೆ ಹೇಳಬೇಡ. ಎಂಬತ್ತು ಅಂತ ಹೇಳಿಕೊಂಡು ಬಂದಿದ್ದೇನೆ.

ಹೊಸ ಸ್ಪ್ರಿಂಗ್ ಹಾಕಿದೆ. ಸ್ಪ್ರಿಂಗಿನ ಜೊತೆ ನೀನು ಬರೆದು ಕಳಿಸಿದಂತೆ ಪೈಪಿಗೆ ರಬ್ಬರ್ ಬಳೆ ಸಿಕ್ಕಿಸಿ, ಕೂತು ಇಳಿದು, ನನ್ನ ಭಾರಕ್ಕೆ ಬಳೆ ಎಷ್ಟು ಸರಿದಿದೆ ನೋಡಿದೆ. ಎಷ್ಟು ಸರಿಯಬೇಕು ಅಂದಿದ್ದೆಯೋ ಅಷ್ಟೇ ಸರಿಯಿತು. ನನಗೇ ನಂಬಿಕೆ ಬರಲಿಲ್ಲ, ಮತ್ತೆ ಕೂತು ನೋಡಿದೆ.

ಈಗ ಬೆಳಿಗ್ಗೆ ಮೊದಲ ಒಲೆಯ ಬ್ರೆಡ್ಡು ಇಳಿಸಿದ ಮೇಲೆ ದಿನಾ ಕಾರ್ಖಾನೆ ರಸ್ತೆಗೆ ಹೋಗುತ್ತೇನೆ. ಇವಳು ಮೊದಮೊದಲು ಬೈಯುತ್ತಿದ್ದಳು, ಈಗ ಹೆಲ್ಮೆಟ್ ಒರೆಸಿ ಇಡುತ್ತಾಳೆ. ಇಳಿಜಾರಿನಲ್ಲಿ ಎರಡನೇ ತಿರುವಿಗೆ ಮೊದಲು ರಸ್ತೆ ಕಿತ್ತು ತೇಪೆ ಹಾಕಿದ್ದಾರೆ. ಅಲ್ಲಿ ಬ್ರೇಕ್ ಹಿಡಿದರೆ ಮುಂಭಾಗ ಅರ್ಧ ಇಳಿದು ನಿಲ್ಲುತ್ತೆ, ಆ ಅರ್ಧದಲ್ಲಿ ನಿಂತುಕೊಂಡೇ ತೇಪೆಯ ಏರುತಗ್ಗನ್ನು ನುಂಗುತ್ತೆ, ಕೈಗೆ ಏನೂ ಬರುವುದಿಲ್ಲ. ಬ್ರೇಕ್ ಬಿಟ್ಟರೆ ಛಂಗನೆ ನೆಗೆಯುವುದಿಲ್ಲ, ಒಂದು ಉಸಿರು ತಗೊಂಡು ಮೇಲೇಳುತ್ತೆ. ಆ ಉಸಿರಿಗೆ ಸರಿಯಾಗಿ ಗಾಡಿ ವಾಲಿಸಿದರೆ ತಿರುವು ತಾನಾಗಿ ಸಿಗುತ್ತೆ. ಅವಸರ ಮಾಡಿದರೆ ಮುನಿಸಿಕೊಂಡು ಹೊರಗೆ ಹೋಗುತ್ತೆ. ತಣ್ಣಗಿರುವಾಗ ಗಾಡಿಯ ಬಲಗಾಲು ಸ್ವಲ್ಪ ಬಿಗಿ, ಟ್ಯಾಂಕ್ ದಾಟುವಷ್ಟರಲ್ಲಿ ಸಡಿಲವಾಗುತ್ತೆ.

ಇದೆಲ್ಲ ಇರಲಿ. ಕಾಗದದಲ್ಲಿ, ಕಾರ್ಡಿನಲ್ಲಿ ಸೇರಿ ನಾನು ಮೂರು ಸಲ ಕೇಳಿದೆ, ನೀನು ಉತ್ತರ ಬರೆಯಲಿಲ್ಲ. ಪರೀಕ್ಷೆ ಏನಾಯಿತು?

ತಮ್ಮ


ಜೂನ್ ೨

ಡುಮ್ಮಾ,

ಫೇಲಾದೆ. ಏಪ್ರಿಲ್‌ನಲ್ಲೇ.

ದೀಪ ಕಂಡಾಗ ಗುಂಡಿ ಒತ್ತಬೇಕಿತ್ತು. ಅಂಚಿನ ದೀಪ ಒಂದೂ ಕಾಣಲಿಲ್ಲ. ಕಂಡಿತು ಅಂತ ಸುಮ್ಮನೆ ಒತ್ತಿದೆ, ದೀಪ ಇಲ್ಲದಾಗಲೂ ಒತ್ತಿದೆ. ಆ ಹುಡುಗಿ ಯಂತ್ರ ನಿಲ್ಲಿಸಿ, “ಇನ್ನೊಂದು ಸಲ ಮಾಡೋಣ್ವಾ ಅಮ್ಮ?” ಅಂದಳು. ಸಾಕು ಅಂದೆ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ. ಅತ್ತೆ. ಬರೆದರೆ ನೀನು ಸಮಾಧಾನ ಹೇಳುತ್ತೀಯ, ಗಾಡಿ ಕೆಲಸವನ್ನೂ ಅಲ್ಲಿಗೇ ಬಿಡುತ್ತೀಯ ಅಂತ ಬರೆಯಲಿಲ್ಲ.

ಎರಡನೇ ಜೊತೆ ಸ್ಪ್ರಿಂಗ್ ಪರೀಕ್ಷೆ ಮಾಡುವುದಕ್ಕಲ್ಲ, ನೀನು ಓಡಿಸುವುದಕ್ಕೇ ಮಾಡಿಸಿದ್ದು. ಓಡಿಸುತ್ತೀಯೋ ಇಲ್ಲವೋ ಗೊತ್ತಿರಲಿಲ್ಲ. ಕಳೆದ ಕಾಗದ ಓದಿದ ಮೇಲೆ ಗೊತ್ತಾಯಿತು. ತೇಪೆಯ ಮೇಲೆ ಬ್ರೇಕ್ ಹಿಡಿದು ನೋಡದವನು ಅದನ್ನು ಬರೆಯಲಾರ. ನಾನು ಅಷ್ಟು ವರ್ಷ ಓಡಿಸಿದರೂ ಹಾಗೆ ಹೇಳಲು ನನಗೆ ಬಂದಿರಲಿಲ್ಲ. ಮಗಳಿಗೂ ಓದಿಸಿದೆ. ಅವಳು ಕಾಗದ ಮಡಿಸಿಟ್ಟು, “ಹೋಗಿ ಬಾ, ಆದರೆ ಹಿಂದೆ ಕೂತ್ಕೋ,” ಅಂದಳು.

ನಾನು ಹೇಳಬೇಕೆಂದಿದ್ದೂ ಅದೇ. ಭಾನುವಾರದ ಬಸ್ಸಿಗೆ ಬರುತ್ತೇನೆ. ನೀನು ಓಡಿಸು, ನಾನು ಹಿಂದೆ ಕೂರುತ್ತೇನೆ. ಆಗುವುದಿಲ್ಲ ಅನ್ನುವುದಾದರೆ ಈಗಲೇ ಫೋನ್ ಮಾಡು. ಈ ಒಂದು ವಿಷಯಕ್ಕೆ ಫೋನ್ ಆಗುತ್ತೆ.

ಅಕ್ಕ


ಜೂನ್ ೧೭

ಅಕ್ಕ,

ನೀನು ಕ್ಷೇಮವಾಗಿ ತಲುಪಿದೆ ಅಂತ ನಿನ್ನ ಮಗಳು ಹೇಳಿದಳು. ನಾವು ಇಳಿಜಾರು ಇಳಿದ ಮಾತನ್ನು ನೀನು ಇಲ್ಲಿದ್ದಷ್ಟು ದಿನ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರಿಗೆ ಕೂತಾಗ ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಟ್ಯಾಂಕಿನ ಹತ್ತಿರ ರಸ್ತೆ ಇಳಿಯಲು ಶುರುವಾಯಿತಲ್ಲ, ಅಲ್ಲಿಯವರೆಗೆ ನಿನ್ನ ಕೈ ನನ್ನ ಭುಜದ ಮೇಲೆ ಹಗುರವಾಗಿತ್ತು. ಮೊದಲ ತಿರುವಿಗೆ ಬಹಳ ಮೊದಲೇ ನಿನ್ನ ಬೆರಳು ಒತ್ತಿತು. ಏನೋ ಅಡ್ಡ ಬಂತು ಅಂದುಕೊಂಡು ಬ್ರೇಕ್ ಹಿಡಿದೆ. ಏನೂ ಇರಲಿಲ್ಲ. ಎರಡನೆಯದಕ್ಕೆ ಮೊದಲೂ ನೀನು ಒತ್ತಿದೆ. ಆಗ ನನಗೆ ಅರ್ಥವಾಯಿತು. ನೀನು ಓಡಿಸುತ್ತಿದ್ದೆ. ನನ್ನ ಭುಜವೇ ನಿನಗೆ ಬ್ರೇಕ್. ನಾನು ದಿನಾ ಹಿಡಿಯುವ ಜಾಗ ಬೇರೆ, ನೀನು ಒತ್ತುವ ಜಾಗ ಬೇರೆ, ಆದರೂ ನೀನು ಒತ್ತಿದಲ್ಲೇ ಹಿಡಿದೆ. ಮೂರನೆಯದಕ್ಕಂತೂ ನಿನ್ನ ಬೆರಳಿಗೇ ಕಾಯುತ್ತಿದ್ದೆ.

ಕೊನೆಯ ತಿರುವಿನಲ್ಲಿ ಮಾತ್ರ ನೀನು ಒತ್ತಲಿಲ್ಲ. ಕೈ ನೋವು ಬಂತೇನೋ ಅಂತ ಗಾಬರಿಯಾಗಿ, ನನ್ನ ಲೆಕ್ಕದಲ್ಲೇ ಹಿಡಿದು ತಿರುಗಿಸಿದೆ.

ಅಕ್ಕ, ಹ್ಯಾಂಡಲ್ ನನ್ನ ಕೈಯಲ್ಲಿತ್ತು, ಅಷ್ಟೆ. ಇಳಿಜಾರು ಇಳಿಸಿದ್ದು ನೀನು. ಇದನ್ನು ಬೇಕರಿಗೆ ಬರುವ ಗಿರಾಕಿಗಳಿಗೆಲ್ಲ ಹೇಳುತ್ತಿದ್ದೇನೆ. ಹೇರ್ ಕಟಿಂಗ್ ಅಂಗಡಿಯವನಿಗೆ ಎರಡು ಸಲ ಹೇಳಿದೆ.

ನಿನ್ನ ತಮ್ಮ


ಜೂನ್ ೨೫

ಡುಮ್ಮಾ,

ಊರಿಗೆಲ್ಲ ಹೇಳಿಕೊಂಡು ತಿರುಗುವುದನ್ನು ನಿಲ್ಲಿಸು. ಅಕ್ಷರ ದೊಡ್ಡದಾಗಿದೆ, ಸಾಲು ಮೇಲೆ ಕೆಳಗೆ ಆಗಿರಬಹುದು, ಹೊಂದಿಸಿಕೊಂಡು ಓದು.

ನಾನು ಒತ್ತಿದ್ದು ಬ್ರೇಕ್ ಅಂತಲ್ಲ. ಹೆದರಿ ಒತ್ತಿದ್ದು.

ಆ ರಸ್ತೆಯಲ್ಲಿ ನಾನು ಯಾವತ್ತೂ ಹೆದರಿದವಳಲ್ಲ, ನಿನಗೆ ಗೊತ್ತು. ಅವತ್ತು ಎದುರಿಗೆ ನಿನ್ನ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಎರಡು ಪಕ್ಕವೂ ಇಲ್ಲ. ತಿರುವು ಬಂತೋ, ಇನ್ನೂ ದೂರವಿದೆಯೋ ತಿಳಿಯದೆ ಕೈ ತಾನಾಗಿ ಬಿಗಿಯಾಯಿತು. ಇಳಿಸು ಅಂತ ಕೂಗಬೇಕು ಅನ್ನಿಸಿತು, ನಾಚಿಕೆಯಾಗಿ ಕೂಗಲಿಲ್ಲ. ನನ್ನ ಕೈ ಬಿಗಿಯಾದಾಗಲೆಲ್ಲ ನೀನು ನಿಧಾನ ಮಾಡಿದೆ. ಯಾಕೆ ಅಂತ ಕೇಳಲಿಲ್ಲ. ತಿರುಗಿ ನೋಡಲಿಲ್ಲ.

ಕೊನೆಯ ತಿರುವಿನಲ್ಲಿ ಕೈ ನೋಯಲಿಲ್ಲ. ಹೆದರಿಕೆ ಹೋಗಿತ್ತು. ನೀನು ಎಲ್ಲಿ ಹಿಡಿಯುತ್ತೀಯ ನೋಡೋಣ ಅಂತ ಸುಮ್ಮನೆ ಕೂತೆ. ಸರಿಯಾದ ಜಾಗದಲ್ಲಿ ಹಿಡಿದೆ. ಅಲ್ಲಿಂದ ಕೆಳಗೆ ಬಂದು ನಿಲ್ಲಿಸುವ ತನಕ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ನಿನ್ನ
ಅಕ್ಕ